ಆ ಜ್ವರ ಯಾರವು?

ಇಲ್ಲಿ ಬರೆಯಲಿರುವುದರಲ್ಲಿ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ಇಲ್ಲವಾದರೆ, ಓದಿದ ಮರುಗಳಿಗೆಯೇ ನನ್ನ ಅಕ್ಕ ಸಿರುಗುಪ್ಪದಿಂದ ಫೋನ್ ಮಾಡಿ, "ಏ ಗಿರ್ಜಿ, ಎಮ್ಮೆ ಓದಿ ಸುಳ್ಳು ಬರಿಯಾಕ ಕಲ್ತಿಯೇನ?" ಎಂದು ಕೇಳುವವಳೇ. ಎಮ್ಮೆ ಎಂದರೆ ಎಂ.ಎ. ಅಕ್ಕ ಬೇಕೆಂದೇ ಹಾಗೆ ಅನ್ನುತ್ತಾಳೆ.

ಕಾಲೇಜಿನ ದಿನಗಳಿಂದ ದಿನಚರಿ ಬರೆಯುತ್ತ ಬಂದಿದ್ದೇನೆ. ಅಷ್ಟು ಬರೆದವಳ ನೆನಪು ಗಟ್ಟಿಯಾಗಿರಬೇಕು ಎಂದು ನೀವು ತಿಳಿದರೆ ಅದು ನಿಮ್ಮ ಒಳ್ಳೆಯತನ. ಧಾರವಾಡದ ಹಾಸ್ಟೆಲಿನಲ್ಲಿ ಒಮ್ಮೆ ಜ್ವರ ಬಂದು ಮಲಗಿದ್ದಾಗ ಯಾರೋ ಗೆಳತಿ ಹಗಲೆಲ್ಲ ಪಕ್ಕದಲ್ಲಿ ಕೂತು ಹಣೆಗೆ ಒದ್ದೆ ಬಟ್ಟೆ ಹಾಕಿದ್ದಳು. ಅವಳು ಯಾರೆಂದು ತಿಳಿಯಲು ಆ ವರ್ಷದ ದಿನಚರಿ ತೆರೆದರೆ ಅಲ್ಲಿರುವುದು ಇಷ್ಟೇ: "ಜ್ವರ. ಸಾರಿಗೆ ಉಪ್ಪು ಕಡಿಮೆ." ಗೆಳತಿಯ ಹೆಸರು ಬಿಟ್ಟು ಉಪ್ಪನ್ನು ಬರೆದಿಟ್ಟವಳು ನಾನು. ಬರೆದದ್ದರ ಗತಿಯೇ ಹೀಗಾದರೆ, ಅಕ್ಷರ ಕಲಿಯುವ ಮೊದಲು ನಡೆದದ್ದನ್ನು ಹೇಗೆ ನೆಚ್ಚಲಿ? ಈಗ ಹೇಳಹೊರಟಿರುವುದು ಅಂಥದ್ದು.

ನನ್ನ ಹೊಲಿಗೆಯ ಬುಟ್ಟಿಯಲ್ಲಿ ಬೆರಳುದ್ದದ ಒಂದು ಕೊಳವೆ ಇದೆ. ತಗಡಿನದು, ಮೇಲೊಂದು ಟೊಪ್ಪಿಗೆಯಂಥ ಮುಚ್ಚಳ. ಅದರಲ್ಲಿ ಸೂಜಿ ಇಡುತ್ತೇನೆ. ಮೊದಲು ಅದರೊಳಗೆ ನಮ್ಮ ಅಪ್ಪನ ಗಾಜಿನ ಥರ್ಮಾಮೀಟರ್ ಇರುತ್ತಿತ್ತು. ಗಾಜು ಎಂದೋ ಒಡೆಯಿತು, ಕೊಳವೆ ಉಳಿಯಿತು. ಕಳೆದ ಬೇಸಿಗೆ ರಜೆಯಲ್ಲಿ ಅಕ್ಕನ ಮೊಮ್ಮಗಳು ಅನ್ವಿ ಬಳ್ಳಾರಿಗೆ, ಗಾಂಧಿನಗರದ ನಮ್ಮ ಮನೆಗೆ ಬಂದಿದ್ದಳು. ಇನ್ನೂ ಶಾಲೆಗೆ ಸೇರದ ಕೂಸು, ಕೈಗೆ ಸಿಕ್ಕಿದ್ದನ್ನೆಲ್ಲ ತೆರೆದು ನೋಡುವವಳು. ಆ ಕೊಳವೆಯ ಮುಚ್ಚಳ ತೆಗೆದು, "ಸಣ್ಣಜ್ಜಿ, ಸೂಜಿಗೂ ಮನಿ ಐತೇನು?" ಎಂದಳು. ಹೌದು, ಮೊದಲು ಇದರಲ್ಲಿ ಜ್ವರ ನೋಡುವ ಕಡ್ಡಿ ಇರುತ್ತಿತ್ತು ಎಂದೆ. ಹಾಗೆ ಹೇಳಿದ್ದೇ ನೆವವಾಯಿತೋ ಏನೋ, ಮರುದಿನ ಮಧ್ಯಾಹ್ನದ ಹೊತ್ತಿಗೆ ಅವಳಿಗೆ ಜ್ವರ ಬಂದವು.

'ಬಂದವು' ಎಂಬುದು ಅಚ್ಚಿನ ತಪ್ಪಲ್ಲ. ನಮ್ಮ ಕಡೆ ಜ್ವರಕ್ಕೆ ಏಕವಚನವಿಲ್ಲ. ನೆಗಡಿ ಆಗೈತಿ, ಕೆಮ್ಮು ಹತ್ತೈತಿ, ತಲಿ ನೋಯಾಕ ಹತ್ತೈತಿ, ಆದರೆ ಜ್ವರ ಮಾತ್ರ ಬಂದಾವ. ಬಿಟ್ಟಾವ. ಮತ್ತ ಬಂದಾವ. ನೀರಿಗೂ ಇದೇ ಮರ್ಯಾದೆ. ನಳದಾಗ ನೀರು ಬಂದಾವ, ಮೈಯಾಗ ಜ್ವರ ಬಂದಾವ. ಎಂ.ಎ. ಓದುವಾಗ ಇದೇಕೆ ಹೀಗೆ ಎಂದು ವ್ಯಾಕರಣದ ಮೇಷ್ಟ್ರನ್ನು ಕೇಳಿದ್ದೆ. "ಒಳ್ಳೆಯ ಪ್ರಶ್ನೆ" ಎಂದರು. ಒಳ್ಳೆಯ ಪ್ರಶ್ನೆ ಎಂದರೆ ಉತ್ತರ ಗೊತ್ತಿಲ್ಲ ಎಂದರ್ಥ ಎಂಬುದು ನಾನೇ ಪಾಠ ಹೇಳತೊಡಗಿದ ಮೇಲೆ ತಿಳಿಯಿತು.

ಅವ್ವನ ಬಳಿ ಉತ್ತರವಿತ್ತು. "ಜ್ವರ ಅಂದ್ರ ಬೀಗ್ರಿದ್ದಂಗ. ಬೀಗ್ರು ಒಬ್ರ ಬರ್ತಾರೇನ? ಬಂದ್ರ ಗುಂಪ ಕಟ್ಟಿಕೊಂಡ ಬರ್ತಾರ. ಬಂದೋರಿಗೆ ಕುಡಿಯಾಕ ಕೊಡಬೇಕು, ಗಂಜಿ ಇಡಬೇಕು, ಜಗಳಾ ತಗೀಬಾರದು. ತಾವ ಎದ್ದು ಹೋಗ್ತಾರ." ಮೂರು ದಿನವಾದರೂ ಎದ್ದು ಹೋಗದಿದ್ದರೆ? "ಆಗ ದೊಡ್ಡೋರನ್ನ ಕರಸಬೇಕು" ಎನ್ನುತ್ತಿದ್ದಳು ಅವ್ವ. ದೊಡ್ಡವರು ಎಂದರೆ ಡಾಕ್ಟರು. ಈ ಒಂದು ಮಾತಿನಲ್ಲಿ ಅವ್ವನಿಗೂ ಇಂದಿನ ಡಾಕ್ಟರುಗಳಿಗೂ ಏನೇನೂ ಭೇದವಿಲ್ಲ.

ನನ್ನ ಗಂಡ ತುಮಕೂರಿನವರು, ಬ್ಯಾಂಕಿನ ಕೆಲಸಕ್ಕೆಂದು ಬಳ್ಳಾರಿಗೆ ಬಂದು ಇಲ್ಲಿಯವರೇ ಆದರು. ಮದುವೆಯಾದ ಹೊಸದರಲ್ಲಿ ಒಮ್ಮೆ ನನಗೆ ಜ್ವರ ಬಂದಾಗ ಪಕ್ಕದ ಮನೆಯಿಂದ ಬ್ಯಾಂಕಿಗೆ ಫೋನ್ ಮಾಡಿದೆ. ಲೈನು ಗರಗರ ಎನ್ನುತ್ತಿತ್ತು. ಅವರಿಗೆ ಕೇಳಿಸಿದ್ದು 'ಬಂದಾವ' ಎಂಬ ಕೊನೆಯ ಪದ ಮಾತ್ರ.

"ಏನು ಬಂದಿವೆ? ಎಷ್ಟು?" ಎಂದರು.

"ನೂರಾ ಎರಡು" ಎಂದೆ.

ಅವರು ಕೈಯಲ್ಲಿ ದೊಣ್ಣೆ ಹಿಡಿದು ಮನೆಗೆ ಬಂದರು. ಮಂಗಗಳ ಹಿಂಡು ಅಂದುಕೊಂಡಿದ್ದರಂತೆ. ದೊಣ್ಣೆ ಇತ್ತು ಎಂಬುದನ್ನು ಅವರು ಒಪ್ಪುವುದಿಲ್ಲ, ಕೊಡೆ ಎನ್ನುತ್ತಾರೆ. ಇರಲಿ, ಕೊಡೆ ಎಂದೇ ಓದಿಕೊಳ್ಳಿ. ಆ ಪಕ್ಕದ ಮನೆಯ ಪದ್ಮಾವತಮ್ಮ ತೆಲುಗಿನವರು. ಅವರು ಬಂದು ನನ್ನ ಹಣೆ ಮುಟ್ಟಿ, "ಜ್ವರಂ ವಚ್ಚಿಂದಾ?" ಎಂದು ಏಕವಚನದಲ್ಲೇ ಕೇಳಿದಾಗ ಇವರಿಗೆ ಹೋದ ಜೀವ ಬಂದಂತಾಯಿತು. "ನೋಡು, ಅವರ ಮನೆಗೂ ಒಂದೇ ಬರೋದು" ಎಂದರು. ನಾನು ಕಣ್ಣು ಮುಚ್ಚಿಕೊಂಡೇ, "ಅವರು ಕೈ ಹಿಡಿದು ಖರ್ಚು ಮಾಡೋರು" ಎಂದೆನಂತೆ. ಇದು ನನಗೆ ನೆನಪಿಲ್ಲ, ಅವರು ಹೇಳಿದ್ದು.

ಅನ್ವಿಯ ವಿಷಯಕ್ಕೆ ಬರುತ್ತೇನೆ. ಕಂಕುಳಲ್ಲಿಟ್ಟ ಮೀಟರು ಕುಂಯ್ ಎಂದು ನೂರಾ ಎರಡು ತೋರಿಸಿತು. ತೆಳ್ಳನೆಯ ಒಂದು ಅಂಗಿ ಉಳಿಸಿ ಬೇರೆಲ್ಲ ತೆಗೆದೆ, ಫ್ಯಾನು ಸಣ್ಣಗೆ ಹಾಕಿದೆ, ಕಿಟಕಿಗೆ ಪರದೆ ಎಳೆದೆ. ಉಗುರುಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ ಮೈ ಒರೆಸಿದೆ. ತಣ್ಣೀರು ಹಾಕಿದರೆ ಮಗು ನಡುಗಿ ಮೈ ಇನ್ನಷ್ಟು ಕಾಯುತ್ತದೆ ಎಂಬುದನ್ನು ನನ್ನ ಮಗನ ಮೇಲೆ ಪ್ರಯೋಗ ಮಾಡಿ ಕಲಿತಿದ್ದೇನೆ. ಅವನು ಚಿಕ್ಕವನಿದ್ದಾಗ ತೂಕ ನೋಡಿ ಬರೆದುಕೊಟ್ಟ ಔಷಧಿಯ ಅಳತೆ ಇವಳಿಗೆ ಆಗದು ಎಂದು ಡಾಕ್ಟರಿಗೆ ಫೋನ್ ಮಾಡಿ ಇವಳ ತೂಕ ಹೇಳಿ, ಎಷ್ಟು ಹಾಕಬೇಕು, ಎಷ್ಟು ಹೊತ್ತಿಗೊಮ್ಮೆ ಹಾಕಬೇಕು ಕೇಳಿಕೊಂಡೆ. ಗಂಜಿಯ ತಿಳಿ, ನೀರು ಮಜ್ಜಿಗೆ, ಒಂದೊಂದೇ ಗುಟುಕು. ಎಲ್ಲ ಸರಿಯಾಗಿಯೇ ಮಾಡಿದೆ. ಅನಂತರ ಒಂದು ತಪ್ಪು ಮಾಡಿದೆ. ಅಕ್ಕನಿಗೆ ಫೋನ್ ಮಾಡಿ ಹೇಳಿದೆ.

"ತೆಕ್ಕಲಕೋಟಿ ದಾಟೀನಿ" ಎಂದು ಅವಳ ಫೋನ್ ಬಂದಾಗಲೇ ಅವಳು ಹೊರಟಿದ್ದಾಳೆಂದು ನಮಗೆ ಗೊತ್ತಾದದ್ದು. ಸಂಜೆಯ ಬಿಸಿಲಿನಲ್ಲಿ ಆಟೋದಿಂದ ಇಳಿದಳು. ಬಗಲಲ್ಲಿ ಒಂದು ಕಂಬಳಿ, ಕೈಚೀಲದಲ್ಲಿ ಉಣ್ಣೆಯ ಕುಲಾವಿ. ಮೇ ತಿಂಗಳ ಬಳ್ಳಾರಿಯಲ್ಲಿ ಕಂಬಳಿ ಹೊತ್ತು ನಡೆಯುವ ಹೆಂಗಸನ್ನು ಓಣಿಯ ನಾಯಿ ಕೂಡ ಎದ್ದು ನಿಂತು ನೋಡಿತು.

"ಫ್ಯಾನ್ ಯಾಕ ಹಾಕೀರಿ? ಜ್ವರ ಮೈಯಾಗ ಒಳಗಿಳಿಲೇನು?"

"ಒಳಗ ಎಲ್ಲಿಗಿಳೀತಾವ ಅಕ್ಕಾ. ಕಂಬಳಿ ಅಲ್ಲಿಡು."

"ಬೆವರು ಕಿತ್ತು ಬರ್ಬೇಕು ಗಿರ್ಜಿ. ಬೆವರಿನ ಕೂಡ ಜ್ವರ ಹೊರಗ ಹೋಗ್ತಾವ."

"ಹೊರಗ ಬಿಸಿಲು ನೋಡೀಯೇನು? ಇದನ್ನ ಹೊಚ್ಚಿದ್ರ ಕೂಸಿಗೆ ಇನ್ನಷ್ಟು ಏರ್ತಾವ. ನೀ ಹೊಚ್ಕೊಂಡ್ರ ನಿಂಗೂ ಬರ್ತಾವ."

"ಬರ್ಲಿ ತಗೋ. ನಂಗ ಜ್ವರ ಹೊಸವೇನು?"

ಅವಳು ಕುಲಾವಿಯನ್ನು ಕೂಸಿನ ತಲೆಗೆ ಹಾಕುವುದು, ನಾನು ತೆಗೆಯುವುದು ಹೀಗೆ ಸಂಜೆಯೆಲ್ಲ ನಡೆಯಿತು. ಅನ್ವಿಗೆ ಅದೊಂದು ಆಟವಾಯಿತು, ತಾನೇ ಹಾಕಿಕೊಂಡು ತಾನೇ ತೆಗೆದು ನಗತೊಡಗಿದಳು. ಮರುದಿನ ಬೆಳಿಗ್ಗೆ ಮಕ್ಕಳ ಡಾಕ್ಟರಮ್ಮನ ಬಳಿಗೆ ಮೂವರೂ ಹೋದೆವು. ಆಕೆ ಅನ್ವಿಯ ಗಂಟಲು, ಕಿವಿ, ಹೊಟ್ಟೆ ನೋಡುವಷ್ಟರಲ್ಲಿ ನಾನು ಹಿಂದಿನ ದಿನದಿಂದ ಬರೆದಿಟ್ಟಿದ್ದ ಅಂಕಿಗಳನ್ನೆಲ್ಲ ಒಪ್ಪಿಸಿದೆ. ಆಕೆ ತಾಳ್ಮೆಯಿಂದ ಕೇಳಿ ಹೇಳಿದರು:

"ಮೇಡಂ, ಮೀಟರ್ ಸ್ವಲ್ಪ ಬದಿಗಿಡ್ರಿ, ಕೂಸಿನ್ನ ನೋಡ್ರಿ. ನೀರು ಕುಡೀತಾಳ? ಒಂದಕ್ಕ ಹೋಗ್ತಾಳ? ಜ್ವರ ಇಳದಾಗ ಆಡ್ತಾಳ? ಹಂಗಿದ್ರ ಮನ್ಯಾಗ ಇಟ್ಕೊಂಡು ನೋಡ್ರಿ. ಎಬ್ಬಿಸಿದ್ರೂ ಏಳವಲ್ಲಳು, ಕುಡಿಯಾಕ ಒಲ್ಲೆ ಅಂತಾಳ, ಉಸಿರು ಏದುಸಿರಾತು, ಮೈಮ್ಯಾಲೆ ಕೆಂಪಗ ಎದ್ದಾವ, ಫಿಟ್ಸ್ ಬಂತು ಅಂದ್ರ ನನ್ನ ಫೋನಿಗೆ ಕಾಯಬ್ಯಾಡ್ರಿ, ಎತ್ಕೊಂಡು ದವಾಖಾನಿಗೆ ಬರ್ರಿ. ಮೂರು ದಿನ ದಾಟಿದ್ರೂ ಬರ್ರಿ, ರಕ್ತ ನೋಡೋಣು." ಆಮೇಲೆ ಅಕ್ಕನ ಬಗಲನ್ನು ನೋಡಿ, "ಆ ಕಂಬಳಿ ಯಾರಿಗ್ರೀ ಅಮ್ಮ?" ಎಂದರು.

ಅಕ್ಕ ಕಂಬಳಿಯನ್ನು ಸೆರಗಿನೊಳಗೆ ಮುಚ್ಚಿಕೊಳ್ಳಲು ನೋಡಿದಳು. ಸೆರಗು ಸಾಲಲಿಲ್ಲ.

ಮನೆಗೆ ಬಂದ ಮೇಲೆ ಅವಳಿಗೆ ತನಗೆ ಬೇಕಾದ ಒಂದೇ ಮಾತು ನೆನಪಿತ್ತು. "ಕೇಳಿದ್ಯಾ, ಮೀಟರ್ ಬದಿಗಿಡು ಅಂದ್ರು. ನೀ ನೋಡಿದ್ರ ತಾಸಿಗೊಮ್ಮೆ ಕಂಕಳಾಗ ತುರುಕ್ತಿ. ಅಪ್ಪನ ಮೀಟರಿನ ಕತಿ ಮರ್ತಿಯೇನು?"

"ಮರೆಯಾಕ ಹೆಂಗಾಕೈತಿ? ಜ್ವರ ಬಂದಿದ್ದು ನಂಗಲ್ಲೇನು?"

ಅಕ್ಕ ಬಟ್ಟೆ ಹಿಂಡುತ್ತಿದ್ದವಳು ಹಾಗೇ ನಿಂತಳು. ನೀರು ತೊಟ್ಟಿಕ್ಕುತ್ತಿತ್ತು.

"ನಿಂಗ?" ಎಂದಳು. "ನಿಂಗೆಲ್ಲಿ ಬಂದಿದ್ವು? ಬಂದಿದ್ದು ನಂಗ."

ಆ ಕಥೆಯನ್ನು ಹೇಳುವ ಮೊದಲು ನಮ್ಮ ಅಪ್ಪನನ್ನು ನಿಮಗೆ ಪರಿಚಯಿಸಬೇಕು. ಅಪ್ಪನದು ಸಿರುಗುಪ್ಪದ ಬಳಿ ಕಾಲುವೆಯ ಗೇಜು ಓದುವ ಕೆಲಸ. ಕಾಲುವೆಯ ಗೋಡೆಗೆ ಅಡಿ, ಅಂಗುಲದ ಗೆರೆ ಬರೆದಿರುತ್ತಾರೆ. ಅದರ ಮುಂದೆ ನಿಂತು ನೀರು ಯಾವ ಗೆರೆ ಮುಟ್ಟಿದೆ ನೋಡಿ ಹೇಳಬೇಕು. ಊರಲ್ಲಿ ಅವರಿಗೆ 'ಗೇಜಿನೋರು' ಎಂದೇ ಹೆಸರು. ಮನೆಯಲ್ಲೂ ಅವರು ಹಾಗೆಯೇ ಮಾತಾಡುತ್ತಿದ್ದರು. ಸಾರು ಉಳಿದಿದೆಯೇ ಎಂದು ಅವ್ವ ಕೇಳಿದರೆ ಪಾತ್ರೆಯಲ್ಲಿ ಇಣುಕಿ, "ಮೂರು ಅಂಗುಲ ಅದಾವ" ಎನ್ನುವರು. ಮಕ್ಕಳನ್ನು ಎತ್ತಿ ಆಡಿಸುವ ಪೈಕಿ ಅಲ್ಲ. ಸಿಟ್ಟೇನೂ ಇರಲಿಲ್ಲ, ನಮ್ಮನ್ನೂ ಕಾಲುವೆಯಂತೆ ದಂಡೆಯ ಮೇಲೆ ನಿಂತು ನೋಡುತ್ತಿದ್ದರು, ಅಷ್ಟೇ. ದೀಪಾವಳಿಗೊಮ್ಮೆ ಇಬ್ಬರನ್ನೂ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಎತ್ತರ ಗುರುತು ಹಾಕುವಾಗ ಮಾತ್ರ ಅವರ ಕೈ ನಮ್ಮ ನೆತ್ತಿಗೆ ತಾಕುತ್ತಿತ್ತು.

ಅಳತೆಯ ಮೇಲೆ ಅಷ್ಟು ನಂಬಿಕೆಯಿದ್ದ ಮನುಷ್ಯ ಬಳ್ಳಾರಿಗೆ ಹೋದಾಗ ಥರ್ಮಾಮೀಟರ್ ಕೊಂಡುತಂದದ್ದು ಸಹಜವೇ. ನಮ್ಮದು ತಗಡಿನ ಮನೆ. ಪಡಸಾಲೆಯ ಗೂಡಿನಲ್ಲಿ, ಚಾವಣಿಗೆ ಹತ್ತಿರವಾಗಿ, ಮಕ್ಕಳ ಕೈಗೆ ಸಿಗದಂತೆ ಅದನ್ನು ಇಟ್ಟರು. ಬೇಸಿಗೆ ಬಂತು. ನನಗೆ ಜ್ವರ ಬಂದವು. ಸದ್ಯಕ್ಕೆ 'ನನಗೆ' ಎಂದೇ ಬರೆಯುತ್ತೇನೆ, ಬರೆಯುತ್ತಿರುವವಳು ನಾನಲ್ಲವೇ. ಕಾಲುವೆಯಿಂದ ಊಟಕ್ಕೆ ಬಂದ ಅಪ್ಪ ಗೂಡಿನಿಂದ ಕಡ್ಡಿ ತೆಗೆದರು, ನನ್ನ ಕಂಕುಳಲ್ಲಿಟ್ಟರು, ತೆಗೆದು ಬೆಳಕಿಗೆ ಹಿಡಿದು ನೋಡಿದರು. ನೂರಾ ಏಳು.

ಆ ಕಾಲದ ಥರ್ಮಾಮೀಟರ್ ಕಂಡವರಿಗೆ ಗೊತ್ತು. ಅದರ ಪಾದರಸ ಒಮ್ಮೆ ಏರಿದರೆ ತಾನಾಗಿ ಇಳಿಯದು. ಜಾಡಿಸಿ ಇಳಿಸಿ ಆಮೇಲೆ ಹಚ್ಚಬೇಕು. ಸಿರುಗುಪ್ಪದ ಬೇಸಿಗೆಯಲ್ಲಿ, ತಗಡಿನ ಕೆಳಗಿನ ಗೂಡಿನಲ್ಲಿ ಕೂತ ಕಡ್ಡಿ ಯಾರ ಮೈಯನ್ನೂ ಮುಟ್ಟುವ ಮೊದಲೇ ತನ್ನಷ್ಟಕ್ಕೆ ತಾನು ಏರಿ ಕೂತಿತ್ತು. ಬೇರೆ ಯಾರೇ ಆಗಿದ್ದರೂ ಜಾಡಿಸುತ್ತಿದ್ದರೇನೋ. ಆದರೆ ಗೇಜುಗಲ್ಲನ್ನು ಯಾರೂ ಜಾಡಿಸಿ ಓದುವುದಿಲ್ಲ. ಗೆರೆ ಎಲ್ಲಿದೆಯೋ ನೀರು ಅಲ್ಲಿದೆ. ಅಪ್ಪ ಹುದ್ದೆಗೆ ತಕ್ಕ ತಪ್ಪನ್ನೇ ಮಾಡಿದರು.

ಒಂದು ಪಂಚೆಯನ್ನು ಕೊಡದಲ್ಲಿ ಅದ್ದಿದರು, ನನ್ನನ್ನು ಅದರಲ್ಲಿ ಸುತ್ತಿದರು, ಹೆಗಲಿಗೆ ಹಾಕಿಕೊಂಡು ನಡೆದರು. ಹಿಂದೆ ಇನ್ನೊಬ್ಬ ಮಗಳು ಮತ್ತು ಸಣ್ಣವ್ವ. ಸಣ್ಣವ್ವ ಎಂದರೆ ಅವ್ವನ ತಂಗಿ, ಆಗಿನ್ನೂ ಮದುವೆಯಾಗದೆ ನಮ್ಮಲ್ಲೇ ಇದ್ದವಳು. ಅವ್ವ ಮನೆಯಲ್ಲಿ ದೇವರ ಮುಂದೆ ಕೂತಳಂತೆ. ಡಾಕ್ಟರು ಬೆನ್ನ ಮೇಲೆ ಕೈಯಿಟ್ಟು ನೋಡಿದರು, ಅಪ್ಪನ ಕೈಯಿಂದ ಕಡ್ಡಿ ತೆಗೆದುಕೊಂಡು ನಾಲ್ಕು ಸಲ ಜಾಡಿಸಿ ಮತ್ತೆ ಇಟ್ಟರು. ಆಮೇಲೆ ಅವರು ಹೇಳಿದ ಮಾತು ನಮ್ಮ ಮನೆಯಲ್ಲಿ ಗಾದೆಯಾಗಿ ಉಳಿಯಿತು: "ಗೇಜಿನೋರ, ಹುಡುಗಿವು ನೂರಾ ಒಂದು. ಮ್ಯಾಲಿನ ಆರು ನಿಮ್ಮ ತಗಡಿನವು."

ಭಯ ಹೋಯಿತು. ಇನ್ನು ಇಳಿಸಬಹುದಿತ್ತು. ಅಪ್ಪ ಇಳಿಸಲಿಲ್ಲ. ಮನೆಯವರೆಗೂ ಹೆಗಲ ಮೇಲೇ ಹೊತ್ತು ತಂದರು. ಅಂದು ಮಧ್ಯಾಹ್ನ ಕಾಲುವೆಗೂ ಹೋಗಲಿಲ್ಲ. ಪಕ್ಕದಲ್ಲಿ ಕೂತು ಬೀಸಣಿಕೆ ಬೀಸಿದರು, ಹಣೆಯ ಬಟ್ಟೆ ಬದಲಿಸಿದರು, ನಡುನಡುವೆ ಅಂಗೈಯಿಂದ ಹಣೆ ಮುಟ್ಟಿ, "ಇಳಿಯಾಕ ಹತ್ಯಾವ. ಒಂದು ಅಂಗುಲ ಇಳದಾವ" ಎನ್ನುತ್ತಿದ್ದರು. ಆ ಕೈಗೆ ಕಾಲುವೆಯ ಕೆಸರಿನ ವಾಸನೆ ಇತ್ತು. ನನ್ನ ಜೀವಮಾನದಲ್ಲಿ ಅಪ್ಪ ನನ್ನನ್ನು ಎತ್ತಿಕೊಂಡದ್ದು ಅದೊಂದೇ ಸಲ. ಈಗ ಅಕ್ಕ, ಆ ಜ್ವರ ತನ್ನವು ಎನ್ನುತ್ತಾಳೆ. ಅವಳ ಮಾತು ನಿಜವಾದರೆ ಅಪ್ಪ ನನ್ನನ್ನು ಒಮ್ಮೆಯೂ ಎತ್ತಿಕೊಳ್ಳಲಿಲ್ಲ ಎಂದಾಗುತ್ತದೆ.

ಹೊಲ, ಬಂಗಾರಕ್ಕಾಗಿ ಅಕ್ಕತಂಗಿಯರು ಜಗಳವಾಡಿದ್ದನ್ನು ನೀವು ಕೇಳಿರುತ್ತೀರಿ. ನಾವು ಒಂದು ಹಳೆಯ ಜ್ವರಕ್ಕಾಗಿ ಎರಡು ದಿನ ವಾದಿಸಿದೆವು. ಕೂಸಿಗೆ ಗಂಜಿ ಕುಡಿಸುತ್ತ ವಾದ, ಬಟ್ಟೆ ಒಣಹಾಕುತ್ತ ವಾದ. ನಾನು ಕಾಲೇಜಿನಲ್ಲಿ ಕಲಿತಂತೆ ಆಧಾರ ಕೇಳಿದೆ. ಅಕ್ಕ ಹೇಳಿದಳು, ದವಾಖಾನೆಯಿಂದ ಬರುವಾಗ ಅಪ್ಪ ಗೋಲಿ ಸೋಡಾ ಕುಡಿಸಿದರು, ಗ್ಯಾಸು ಮೂಗಿಗೆ ಹತ್ತಿತು. ನಾನು ಹೇಳಿದೆ, ದಾರಿಯ ಡಾಂಬರು ಕಾದು ಅಂಗಾಲು ಚುರ್ ಎನ್ನುತ್ತಿದ್ದುದು ಈಗಲೂ ನೆನಪಿದೆ. ಜ್ವರ ಬಿಟ್ಟ ಮೇಲೆ ಅಪ್ಪ ತಂದ ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ತಿಂದದ್ದು ಇಬ್ಬರಿಗೂ ನೆನಪಿದೆ. ಆಗೆಲ್ಲ ಬ್ರೆಡ್ ಎಂದರೆ ರೋಗಿಗಳ ಆಹಾರ, ಗಂಡಸೊಬ್ಬ ಕೈಯಲ್ಲಿ ಬ್ರೆಡ್ ಹಿಡಿದು ಬಂದರೆ ಓಣಿಯವರು "ಯಾರಿಗ್ರೀ ಜ್ವರ?" ಎಂದು ಕೇಳುತ್ತಿದ್ದರು. ಆದರೆ ಈ ಆಧಾರವನ್ನು ಅವ್ವನೇ ಕೆಡಿಸಿದ್ದಾಳೆ. ಒಬ್ಬಳಿಗೇ ಕೊಟ್ಟರೆ ಇನ್ನೊಬ್ಬಳು ಜ್ವರ ಬರಲಿ ಎಂದು ಬೇಡಿಕೊಂಡಾಳು ಎಂದು ಯಾವಾಗಲೂ ಇಬ್ಬರಿಗೂ ಸಮನಾಗಿ ಹಂಚುತ್ತಿದ್ದಳು.

ಮೂರನೆಯ ದಿನಕ್ಕೆ ಅನ್ವಿಯ ಮೈ ತಣ್ಣಗಾಯಿತು. ನಮ್ಮೂರಲ್ಲಿ ಜ್ವರ ಪೂರ್ತಿ ಬಿಟ್ಟಿವೆ ಎಂದು ತಿಳಿಯಲು ಮೀಟರು ಬೇಕಿಲ್ಲ. ಕೂಸು ಎದ್ದು ಕೂತು, "ಒಗ್ಗರಣಿ ಮಿರ್ಚಿ ಬೇಕು" ಎಂದಿತು. ಒಗ್ಗರಣೆ ಹಾಕಿದ ಮಂಡಕ್ಕಿ, ಜೊತೆಗೆ ಮೆಣಸಿನಕಾಯಿ ಬಜ್ಜಿ. ಬಳ್ಳಾರಿಯ ರಕ್ತ ಸರಿಯಾಗಿ ಹರಿಯುತ್ತಿದೆ ಎಂಬುದಕ್ಕೆ ಅದಕ್ಕಿಂತ ಬೇರೆ ಪರೀಕ್ಷೆ ಬೇಕೆ? ಮಿರ್ಚಿಗೆ ಇನ್ನೂ ಎರಡು ದಿನ ತಡಿ ಎಂದು ಮಂಡಕ್ಕಿ ಮಾತ್ರ ಕೊಟ್ಟೆವು.

ಅಂದು ಸಂಜೆಯೇ ನನ್ನ ಗಂಡನಿಗೆ ಜ್ವರ ಬಂದವು. ಮಕ್ಕಳ ಜ್ವರ ಮಕ್ಕಳ ಮೈಗೆ ಬರುತ್ತವೆ, ಗಂಡಸರ ಜ್ವರ ಇಡೀ ಮನೆಗೆ ಬರುತ್ತವೆ. ಅನ್ವಿ ನೂರಾ ಎರಡಿನಲ್ಲಿ ಕುಲಾವಿಯ ಆಟವಾಡಿದ್ದಳು, ಇವರು ತೊಂಬತ್ತೊಂಬತ್ತೂವರೆಯಲ್ಲಿ ಬ್ಯಾಂಕಿನ ಕಾಗದಪತ್ರ ಎಲ್ಲಿವೆ ಎಂದು ನನಗೆ ತೋರಿಸಿಕೊಟ್ಟರು. ಎಂದೋ ಯಾವುದಕ್ಕೋ ಕೊಟ್ಟು ಉಳಿದ ಮಾತ್ರೆಗಳನ್ನು ಡ್ರಾಯರಿನಿಂದ ತೆಗೆದು ನುಂಗಲು ಹೊರಟಿದ್ದರು. ಅಕ್ಕ ಅವನ್ನು ಕಸಿದು, "ಅಲ್ರೀ, ಬೇರೆ ಬ್ಯಾನಿಗೆ ಕೊಟ್ಟ ಗುಳಿಗಿ ಈ ಜ್ವರಕ್ಕ ಹೆಂಗ ನಡೀತೈತ್ರಿ? ನೀರು ಕುಡೀರಿ, ಸುಮ್ನ ಮಲಗ್ರಿ" ಎಂದಳು. ಈ ಬುದ್ಧಿವಾದಕ್ಕೆ ನಾನು ಬೆರಗಾಗುವಷ್ಟರಲ್ಲಿ, ಮೂರು ದಿನದಿಂದ ತಲೆಗಾಗಿ ಹುಡುಕುತ್ತಿದ್ದ ಕುಲಾವಿಯನ್ನು ತಂದು ಅವರಿಗೆ ಹಾಕಿದಳು. ಅವರು ಬೇಡವೆನ್ನಲಿಲ್ಲ. ಉಪಚಾರ ಸಿಕ್ಕಿದರೆ ಸಾಕೆಂದು ಕಾದಿದ್ದವರು. ಬೆಳಗಾಗುವುದರೊಳಗೆ ಮೈ ಬೆವರಿ ಜ್ವರ ಬಿಟ್ಟವು, ಅದರ ಕೀರ್ತಿ ಕುಲಾವಿಗೆ ಸೇರಿತು.

ಕುಲಾವಿ ತೆಗೆಯದೆಯೇ ಅವರು ನಮ್ಮ ವ್ಯಾಜ್ಯ ಕೇಳಿದರು.

"ಗಿರಿಜಾ, ನೀನು ಹೇಳೋದು ನಿನ್ನ ಅಂಗಾಲು ಸುಟ್ಟಿತು ಅಂತ. ಹೆಗಲ ಮೇಲಿದ್ದವಳ ಅಂಗಾಲು ಹೇಗೆ ಸುಡುತ್ತೆ?"

ಇನ್ನೊಂದು ಸಂಗತಿಯನ್ನು ಅವರಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ. ಆ ನೆನಪಿನಲ್ಲಿ ನನಗೆ ಅಪ್ಪನ ಬೆನ್ನು ಕಾಣುತ್ತದೆ. ಹೆಗಲ ಮೇಲಿಂದ ಹಿಂದಕ್ಕೆ ತೂಗುತ್ತಿರುವ ಒಂದು ಪುಟ್ಟ ಮುಖವೂ ಕಾಣುತ್ತದೆ. ಯಾರಿಗಾದರೂ ತಮ್ಮ ಮುಖ ತಮಗೆ ಹಾಗೆ ಕಂಡೀತೆ?

ಅಕ್ಕ ಗೆದ್ದವಳಂತೆ ಸೆರಗು ಸರಿಮಾಡಿಕೊಂಡಳು. ಅವರು ಅವಳತ್ತ ತಿರುಗಿದರು.

"ನೀವು ಗೋಲಿ ಸೋಡಾ ಕುಡಿದೆ ಅಂತೀರಿ. ನೂರಾ ಏಳು ಅಂತ ಹೆದರಿ ಓಡಿದ ಮನುಷ್ಯ ಜ್ವರ ಬಂದ ಮಗೂಗೆ ಐಸಿನ ಸೋಡಾ ಕುಡಿಸ್ತಾರಾ? ಹಿಂದೆ ನಡೆದು ಬಂದ ಮಗೂಗೆ ಕುಡಿಸಿರ್ತಾರೆ."

ಸರಿಮಾಡಿಕೊಂಡಿದ್ದ ಸೆರಗನ್ನು ಅಕ್ಕ ಮತ್ತೊಮ್ಮೆ ಸರಿಮಾಡಿಕೊಂಡಳು. ನಡೆದವಳು ನಾನು, ನಡೆದವಳು ಅವಳು. ಹಾಗಾದರೆ ಹೆಗಲ ಮೇಲಿದ್ದವಳು ಯಾರು? ನ್ಯಾಯಾಧೀಶರು ಇನ್ನೊಂದು ಲೋಟ ಗಂಜಿ ಕೇಳಿ ಮಗ್ಗುಲಾದರು.

ಅಂದು ಮಧ್ಯಾಹ್ನ ಅಕ್ಕ ಕಂಬಳಿ ಮಡಚುತ್ತ, ನನ್ನ ಕಡೆ ನೋಡದೆ ಹೇಳಿದಳು: "ಅಪ್ಪ ನಿನ್ನ ಓದಿಸಿದ. ಧಾರವಾಡಕ್ಕ ಹಾಸ್ಟೆಲ್ಲಿಗೆ ತಾನ ಬಂದು ಬಿಟ್ಟ. ನನ್ನ ಹತ್ತನೇ ಇಯತ್ತೆ ಮುಗಿಯೂದಕ್ಕ ಲಗ್ನ ಮಾಡಿ ಕೊಟ್ಟ. ನಂಗ ಅದೊಂದು ಜ್ವರ ಇರ್ಲಿ ಬಿಡಲೇ."

ಬಿಟ್ಟುಕೊಡಬಹುದಿತ್ತು. ಓದು ನನಗೆ, ಜ್ವರ ಅವಳಿಗೆ, ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಹಾಸ್ಟೆಲಿಗೆ ಬಿಡಲು ಬಂದಾಗಲೂ ಅಪ್ಪ ಗೇಟಿನ ಆಚೆಯೇ ನಿಂತು, ನಾನು ಮೆಟ್ಟಿಲು ಹತ್ತುವವರೆಗೆ ನೋಡಿ, ಹೋಗಿಬಿಟ್ಟಿದ್ದರು. ಓದಿಸಿದ್ದು ಬೇರೆ, ಎತ್ತಿಕೊಂಡದ್ದು ಬೇರೆ. ಬಾಯಿಗೆ ಬಂದದ್ದು ಇಷ್ಟು: "ಸಣ್ಣವ್ವನ್ನ ಕೇಳೋಣು ನಡಿ."

ಸಣ್ಣವ್ವ ಕುರುಗೋಡಿಗೆ ಸೊಸೆಯಾಗಿ ಹೋದವಳು. ಈಗ ಮಕ್ಕಳು ಮೊಮ್ಮಕ್ಕಳ ತುಂಬಿದ ಮನೆಗೆ ಯಜಮಾನಿ. ಅಂದಿನ ದಾರಿಯಲ್ಲಿ ನಡೆದವರ ಪೈಕಿ ನಾವಿಬ್ಬರು ಬಿಟ್ಟರೆ ಉಳಿದಿರುವವಳು ಅವಳೊಬ್ಬಳೇ. ಭಾನುವಾರ ಅನ್ವಿಯನ್ನೂ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ನಾನೂ ಅಕ್ಕನೂ ಹವೆಯ ಬಗ್ಗೆ ಮಾತಾಡಿದೆವು. ಕುರುಗೋಡಿನ ಗುಡ್ಡ ಕಾಣತೊಡಗಿದ ಮೇಲೆ ಅದನ್ನೂ ನಿಲ್ಲಿಸಿದೆವು.

ಸಣ್ಣವ್ವ ಅನ್ವಿಯನ್ನು ತೊಡೆಯ ಮೇಲೆ ಕೂಡಿಸಿಕೊಂಡು ಕತ್ತಿನ ಹಿಂದೆ ಕೈಯಿಟ್ಟು ನೋಡಿದಳು. "ಬಿಟ್ಟಾವ ಬಿಡು. ಬಾಯಿ ರುಚಿ ಬಂದೈತೇನು? ರಾತ್ರಿ ನಿದ್ದಿ ಮಾಡ್ತಾಳೇನು? ಇಬ್ರೂ ಯಾಕ ಹಿಂಗ ಮಾರಿ ಸಣ್ಣ ಮಾಡೀರಿ? ಉಂಡು ಬಂದೀರೋ ಉಪಾಸ ಬಂದೀರೋ?"

ನಾನು ಕೇಳಿದೆ. ಸುತ್ತಿ ಬಳಸಿ ಅಲ್ಲ, ನೇರವಾಗಿ. ಅಪ್ಪ ಮೀಟರು ನೋಡಿ ಹೆದರಿದ ದಿನ ಜ್ವರ ಬಂದಿದ್ದು ನಂಗೋ, ಅಕ್ಕಗೋ?

ಸಣ್ಣವ್ವ ಮೊದಲು ನಕ್ಕಳು. "ಗೇಜಿನ ಮಾವ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಏನು ಓಡಿದ್ನವ್ವ ಆ ಮನುಷ್ಯಾ. ಒಂದು ಚಪ್ಪಲಿ ದಾರ್ಯಾಗ ಬಿಟ್ಟಿದ್ದ. ನಾ ಹಿಂದ ಆರಿಸ್ಕೊಂತ ಬಂದೆ." ಆಮೇಲೆ ಅಕ್ಕನ ಮುಖ ನೋಡಿದಳು. ನನ್ನ ಮುಖ ನೋಡಿದಳು. ನಗು ನಿಂತಿತು. ಎದ್ದು ಬಂದು ನಮ್ಮಿಬ್ಬರ ನಡುವೆ ನಿಂತು, ಅನ್ವಿಗೆ ಮಾಡಿದ ಹಾಗೆಯೇ, ಒಂದು ಕೈ ಅಕ್ಕನ ಕತ್ತಿಗೆ, ಒಂದು ಕೈ ನನ್ನ ಕತ್ತಿಗೆ ಹಚ್ಚಿದಳು. ಸ್ವಲ್ಪ ಹೊತ್ತು ಹಾಗೇ ಇಟ್ಟಿದ್ದಳು.

"ಇಬ್ರೂ ತಣ್ಣಗದೀರಿ" ಎಂದಳು. "ಏಳ್ರಿ, ಕೈಕಾಲು ತೊಳ್ಕೋರಿ. ಮಿರ್ಚಿಗೆ ಹಿಟ್ಟು ಕಲಸೀನಿ."

ಅಡುಗೆಮನೆಗೆ ಹೋದಳು. ಹಿಂದೆಯೇ ಅನ್ವಿ ಓಡಿದಳು. ನಾನು ಬಿಡಲಿಲ್ಲ, ಹೋಗಿ ಹೊಸ್ತಿಲಲ್ಲಿ ನಿಂತೆ. ಅಕ್ಕನೂ ಬಂದು ನನ್ನ ಹಿಂದೆ ನಿಂತದ್ದು ಅವಳ ಬಳೆಯ ಸದ್ದಿನಿಂದ ತಿಳಿಯಿತು. ಸಣ್ಣವ್ವ ನಮಗೆ ಬೆನ್ನು ಮಾಡಿ ಕೂತು, ಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿಯನ್ನು ಒಂದೊಂದಾಗಿ ಎಣ್ಣೆಗೆ ಬಿಡುತ್ತಿದ್ದಳು. ಪ್ರತಿ ಸಲ ಎಣ್ಣೆ ಚೊಂಯ್ ಎಂದಾಗಲೂ ಅನ್ವಿ ಚಪ್ಪಾಳೆ ತಟ್ಟುತ್ತಿದ್ದಳು. ಆ ಸದ್ದಿನಲ್ಲಿ ಸಣ್ಣವ್ವನಿಗೆ ನನ್ನ ಮಾತು ಕೇಳಿಸಿತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಕೇಳಿಸಿತ್ತು ಎಂದು ಅಕ್ಕ, ಇಲ್ಲ ಎಂದು ನಾನು.

"ಸಣ್ಣವ್ವ, ಅಪ್ಪ ಹೊತ್ತಿದ್ದು ಯಾರನ್ನ?"